ಕಾರ್ಬುರೇಟರಿಗೆ ವಿಭೂತಿ

ತೊಂಬತ್ತೆಂಟರ ದಸರಾ ಮುಗಿದ ವಾರ. ಹುಣಸೂರು ರಸ್ತೆಯ ಪೆಟ್ರೋಲ್ ಬಂಕಿನ ಸಾಲಿನಲ್ಲಿ, ನನ್ನ ಸ್ಕೂಟರಿನ ಮುಂದೆ ಹಳೆಯ ಮೋರಿಸ್ ಮೈನರ್ ಒಂದು ನಿಂತಲ್ಲೇ ಗಡಗಡ ನಡುಗುತ್ತಿತ್ತು. ಆಯುಧಪೂಜೆಯ ಹಾರ ಇನ್ನೂ ಬಾನೆಟ್ಟಿನ ಮೇಲಿತ್ತು. ಒಳಗೆ ವಯಸ್ಸಾದ ಗಂಡ ಹೆಂಡತಿ. ಕಿಟಕಿ ಇಳಿಸಿದ್ದರಿಂದ ಅವರ ಮಾತು ನನಗೂ ಕೇಳುತ್ತಿತ್ತು.

"ಪ್ಲಗ್ ಹೋಗಿದೆ ಕಣೇ ಗೌರಿ," ಎಂದರು ಗಂಡ.

"ಪ್ಲಗ್ ಹೋಗಿದ್ರೆ ಓಡೋವಾಗ್ಲೂ ಎಗರ್ಬೇಕಿತ್ತು. ಇದು ನಿಂತಾಗ ಮಾತ್ರ ನಡುಗ್ತಿದೆ. ಕಾರ್ಬುರೇಟರಲ್ಲಿ ಏನೋ ಕಟ್ಕೊಂಡಿದೆ."

"ನಿಂಗೇನೇ ಗೊತ್ತು?"

"ಅಪ್ಪನ ಗ್ಯಾರೇಜಲ್ಲಿ ಬೆಳೆದೋಳು ಕಣ್ರೀ ನಾನು. ಪೂಜೆ ದಿನ ವಿಭೂತಿ ಎಲ್ಲೆಲ್ಲಿ ಹಚ್ಚಿದ್ರಿ?"

"ಸ್ಟೇರಿಂಗಿಗೆ, ಬಾನೆಟ್ಟಿಗೆ..."

"ಆಮೇಲೆ?"

"ಏರ್ ಫಿಲ್ಟರ್ ಬಿಚ್ಚಿ ಕಾರ್ಬುರೇಟರ್ ಬಾಯಿಗೂ ಒಂಚೂರು ಹಾಕ್ದೆ."

"ಅಯ್ಯೋ ಶಿವನೇ! ಇಷ್ಟು ವರ್ಷ ಇಲ್ಲದ್ದು ಈ ವರ್ಷ ಯಾಕೆ?"

"ನಮ್ಮನೇಲಿ ಇದಕ್ಕೆ ಇದೇ ಕಡೇ ಪೂಜೆ ಅಲ್ವಾ? ಭಕ್ತಿ ಜಾಸ್ತಿಯಾಯ್ತು."

"ಸಂಜೆ ಲಕ್ಷ್ಮೀಪುರಂನೋರು ಕಾರು ನೋಡೋಕೆ ಬರ್ತಾರೆ. ಹೋಗ್ತಾನೇ ಕ್ಲೀನ್ ಮಾಡಿಸ್ಬುಡಿ. ಎಷ್ಟೊತ್ತಿನ ಕೆಲಸ?"

"ಮಾಡಿಸೋಣ. ಮೊದಲು ಅವ್ರು ನೋಡ್ಕೊಂಡು ಹೋಗ್ಲಿ."

ಆಕೆ ತಿರುಗಿ ಗಂಡನ ಮುಖವನ್ನೇ ನೋಡಿದರು. ಅವರು ತಮ್ಮ ಕಡೆಯ ಕಿಟಕಿಯಾಚೆ ನೋಡತೊಡಗಿದರು.

ಸರದಿ ಬಂತು. ಎಂಜಿನ್ ಆರಿಸಿ ಅವರು ಬಂಕಿನವನಿಗೆ ಹೇಳಿದರು, "ಸಂಜೆ ಮಾರೋ ಗಾಡಿ. ಎರಡು ಲೀಟರ್ ಸಾಕು."

ಆಕೆ ಗಂಡನ ಮುಂದಕ್ಕೆ ಬಾಗಿದರು.

"ಫುಲ್ ಟ್ಯಾಂಕ್ ಹಾಕಪ್ಪ."

ಕಾರು ಮತ್ತೆ ನಡುಗುತ್ತಾ ಎದ್ದು ಹೊರಟಿತು. ಇಬ್ಬರ ಭುಜವೂ ಕುಣಿಯುತ್ತಿತ್ತು. ಎಂಜಿನ್ನಿಗೋ, ನಗುವಿಗೋ, ಹಿಂದಿದ್ದ ನನಗೆ ತಿಳಿಯಲಿಲ್ಲ.