ಕಾರಿಗೂ ಬಾಯಾರುತ್ತದೆ

ಒಬ್ಬ ಶ್ರೀಮಂತನಿದ್ದ. ಯಾವ ಊರು ಎಂದು ಕೇಳಬೇಡಿ, ನಿಮ್ಮ ಬೀದಿಯಲ್ಲೇ ಎಂದು ಇಟ್ಟುಕೊಳ್ಳಿ. ಆತನಿಗೊಂದು ಹಳೆಯ ಕಾರಿತ್ತು. "ಒಂದು ದಿನವೂ ಕೈಕೊಟ್ಟಿಲ್ಲ" ಎಂದು ಕಂಡವರಿಗೆಲ್ಲ ಹೇಳುತ್ತಿದ್ದ. "ನಮ್ಮ ಬಂಧುಬಳಗವೂ ಹಾಗೇ, ಒಂದು ಮನಸ್ತಾಪವಿಲ್ಲ" ಎಂದೂ ಸೇರಿಸುತ್ತಿದ್ದ.

ಆತನ ಹೆಂಡತಿ ತೀರಿಕೊಂಡಳು. ವರ್ಷವೆಲ್ಲ ಕಾರು ಷೆಡ್ಡಿನಲ್ಲೇ ನಿಂತಿತು. ವರ್ಷಾಬ್ದಿಕ ಮುಗಿದ ಮೇಲೆ ಗೌರಿ ಹಬ್ಬ ಬಂತು. ಬೇರೆ ಊರಿನಲ್ಲಿದ್ದ ಅಕ್ಕನಿಗೆ ತವರಿನ ಬಾಗಿನ ತಪ್ಪಬಾರದು. ಪ್ರತಿ ವರ್ಷ ಅದನ್ನು ಹೊತ್ತು ಬಸ್ಸು ಹತ್ತುತ್ತಿದ್ದವಳು ಹೆಂಡತಿ. ಈಗ ಯಾರು? ತಾನೇ ಮೊರ ಜೋಡಿಸಿ, ಹಿಂದಿನ ಸೀಟಿನಲ್ಲಿಟ್ಟು ಹೊರಟ.

ಅರ್ಧ ದಾರಿಯಲ್ಲಿ ಕಾರು ಕುದಿದು ನಿಂತಿತು. ತಳ್ಳಿಸಿಕೊಂಡು ಗ್ಯಾರೇಜು ಸೇರಿದ. ಇಂಜಿನ್ ಆರಿದ ಮೇಲೆ ಮೆಕ್ಯಾನಿಕ್ ನೀರು ತುಂಬಿ, ಕೆಳಗೆ ತೂರಿ ನೋಡಿದ. ಒಂದು ಹನಿಯೂ ಸೋರುತ್ತಿರಲಿಲ್ಲ. "ರೇಡಿಯೇಟರ್ ಮುಚ್ಚಳದ್ದೇ ತೊಂದರೆ" ಎಂದು ಮುಚ್ಚಳ ಬದಲಾಯಿಸಿದ. ಆಮೇಲೆ ಇಂಜಿನ್ ಓಡಲು ಬಿಟ್ಟ. ಚೆನ್ನಾಗಿ ಕಾದಾಗ, ಹಿಂಬದಿಯ ರಬ್ಬರ್ ಪೈಪಿನ ಬುಡದಿಂದ ಎಳೆಯಷ್ಟು ಹಬೆ ಎದ್ದಿತು.

ನೋಡಿ, ತಣ್ಣಗಿರುವಾಗ ಆ ಬಿರುಕು ಕಾಣಲಿಲ್ಲ. ಕಾವೇರಿದ ಮೇಲೆ ಕಂಡಿತು. ನಮ್ಮದೂ ಹಾಗೆಯೇ ಅಲ್ಲವೇ?

"ಮುಚ್ಚಳ ಅಂದಿದ್ದು ನನ್ನ ತಪ್ಪು" ಎಂದು ಮೆಕ್ಯಾನಿಕ್ ನಕ್ಕ. "ಆದ್ರೆ ಇದು ಇವತ್ತಿಂದಲ್ಲ ಯಜಮಾನ್ರೇ. ಬಿಳೀ ಉಪ್ಪು ಕಟ್ಟಿದೆ ನೋಡಿ. ಇಂಜಿನ್ ತಣ್ಣಗಿಡೋ ಕೂಲೆಂಟ್ ಎಲ್ಲಾ ಎಂದೋ ಹೋಗಿದೆ, ಇದ್ದಿದ್ದು ಬರೀ ನಲ್ಲಿ ನೀರು. ದಿನಾ ಯಾರು ಹಾಕ್ತಿದ್ರು?"

"ಯಾರೂ ಇಲ್ಲ."

"ಯಾರೂ ಇಲ್ದೆ ಇದು ಇಷ್ಟು ವರ್ಷ ಓಡ್ತಿರ್ಲಿಲ್ಲ ಬಿಡಿ!"

ಆಗ ಆತನಿಗೆ ನೆನಪಾಯಿತು. ಬೆಳಿಗ್ಗೆ ತುಳಸಿಗೆ ನೀರೆರೆದು, ಅದೇ ಚೊಂಬು ಹಿಡಿದು ಆಕೆ ಕಾರಿನ ಬಳಿ ಹೋಗುತ್ತಿದ್ದಳು. "ಏನೇ, ಕಾರಿಗೂ ಅಭಿಷೇಕವಾ?" ಎಂದು ಈತ ಹಾಸ್ಯ ಮಾಡುತ್ತಿದ್ದ. "ಅದಕ್ಕೂ ಬಾಯಾರತ್ತೆ ರೀ. ಒಂದ್ಸಲ ಗ್ಯಾರೇಜಿಗೆ ತೋರಿಸಿ" ಎನ್ನುತ್ತಿದ್ದಳು. ಈತ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ.

ಇಲ್ಲಿ ನೀರೆರೆದವಳು ಇನ್ನೆಲ್ಲಿ ಎರೆದಿದ್ದಳು? ಆತ ಹಿಂದಿನ ಸೀಟಿನ ಬಾಗಿನ ನೋಡಿದ. ವರ್ಷಗಳ ಹಿಂದೆ ತಾಯಿಯ ತಿಥಿಯ ದಿನ ಸಿಟ್ಟಿನಲ್ಲಿ ಅಕ್ಕನಿಗೆ "ಇನ್ನು ಈ ಮನೆ ಹೊಸಿಲು ತುಳೀಬೇಡ" ಎಂದಿದ್ದ. ಮರೆತೂಬಿಟ್ಟಿದ್ದ. ಹೆಂಡತಿ ಸತ್ತ ದಿನ ಅಕ್ಕ ಗೇಟಿನಾಚೆಯೇ ನಿಂತು ಅತ್ತು ಹೋದಳು. ಪಾಪ, ಮಂಡಿನೋವು, ಮೆಟ್ಟಿಲು ಹತ್ತಲಾರಳು ಎಂದುಕೊಂಡಿದ್ದ!

"ಪೈಪಿನ ಕ್ಲಿಪ್ ಬಿಗಿ ಮಾಡಿದ್ರೆ ಸಾಕಾ?" ಎಂದು ಕೇಳಿದ.

"ಸಾಲ್ದು. ಪೈಪೇ ಬದಲಾಯಿಸ್ಬೇಕು."

ಬದಲಾಯಿಸಿಕೊಂಡು ಹೋದ. ಅಕ್ಕ ಬಾಗಿಲಲ್ಲೇ ನಿಂತಿದ್ದಳು.

"ಮೊರದ ಬಾಗಿನ ಹೆಂಗಸರು ಕೊಡೋದು ಕಣೋ. ನೀನ್ಯಾಕೆ ತಂದೆ?"

"ಕೊಡೋಳು ಇಲ್ವಲ್ಲಕ್ಕಾ." ಆತ ಮೊರವನ್ನು ಮುಂದೆ ಚಾಚಿದ. "ಹೊಸಿಲು ತುಳೀಬೇಡ ಅಂದಿದ್ದೆ. ತಪ್ಪಾಯ್ತು. ಮನೆಗೆ ಬಾ."

ಅಕ್ಕ ಮೊರ ತೆಗೆದುಕೊಂಡಳು. "ಪ್ರತಿ ವರ್ಷ 'ನಿಮ್ಮ ತಮ್ಮನೇ ಕಳಿಸಿದ್ದು' ಅನ್ನೋಳು. ಸುಳ್ಳು ಅಂತ ಗೊತ್ತಿತ್ತು. ಆದ್ರೂ ಬಸ್ಸು ಬಂದಾಗ ನೋಡ್ತಿದ್ದೆ, ಅವಳ ಹಿಂದೆ ನೀನೂ ಇಳೀತೀಯೇನೋ ಅಂತ."

ಇಬ್ಬರೂ ಅತ್ತರು. ಅದನ್ನು ಕಾಣಬೇಕೆಂದು ಅಷ್ಟು ವರ್ಷ ಆಸೆಪಟ್ಟವಳು ಮಾತ್ರ ಅಲ್ಲಿರಲಿಲ್ಲ.

ಈಗ ಹೇಳಿ, ನಿಮ್ಮ ಸಂಸಾರ ನಿಮ್ಮ ಸಾಮರ್ಥ್ಯದಿಂದಲೇ ಓಡುತ್ತಿದೆಯೇ? ಭಗವಂತ ಸದ್ದಿಲ್ಲದೆ ಕಾಯುತ್ತಾನೆ. ಹಲವು ಸಲ ನಮ್ಮ ಮನೆಯವರ ಕೈಯಿಂದಲೇ ಕಾಯುತ್ತಾನೆ. ಆ ಕೈ ಇರುವಷ್ಟು ದಿನ ನಮಗೆ ಕಾಣುವುದಿಲ್ಲ. ಹೋದ ಮೇಲೆ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಆದ್ದರಿಂದ ಇವತ್ತು ಮನೆಗೆ ಹೋದಾಗ ಪೇಪರು, ಫೋನು ಪಕ್ಕಕ್ಕಿಡಿ. "ನನ್ನಿಂದ ಒಡೆದದ್ದು ಏನಿದೆ? ನನಗೆ ತಿಳಿಯದಂತೆ ನೀನು ಏನನ್ನು ನಿಭಾಯಿಸುತ್ತಿದ್ದೀಯೆ?" ಎಂದು ಹೆಂಡತಿಯನ್ನು ಕೇಳಿ. ಆಕೆ ಹೇಳಿದ್ದನ್ನು ಸಿಟ್ಟಾಗದೆ ಕೇಳಿಸಿಕೊಳ್ಳಿ. ಆಮೇಲೆ ನೀವೇ ಎದ್ದು ಹೋಗಿ ಸರಿಮಾಡಿ, ಇನ್ನೊಬ್ಬರ ಕೈಯಲ್ಲಿ ಹೇಳಿಕಳಿಸಬೇಡಿ. ನಾಳೆಗೆ ಇಡಬೇಡಿ. ಕೇಳಿದರೆ ಉತ್ತರ ಕೊಡಲು ನಿಮ್ಮ ಮನೆಯಲ್ಲಿ ಇನ್ನೂ ಒಬ್ಬರಿದ್ದಾರೆ.