ಹತ್ತು ಹೆಜ್ಜೆ ನಡೆದ ಗೊಂಬೆ

ಹೆಬ್ಬಾಳದಲ್ಲಿ ಬಸ್ ಹತ್ತಿದ ಅಕ್ಕ ತಮ್ಮ ನನ್ನ ಮುಂದಿನ ಸೀಟಿನಲ್ಲಿ ಕುಳಿತರು. ತಮ್ಮನ ತೊಡೆಯ ಮೇಲೆ ಮುಚ್ಚಳವಿಲ್ಲದ ಶೂ ಡಬ್ಬ. ಅದರಲ್ಲಿ ಕೌಬಾಯ್ ಟೋಪಿ ಹಾಕಿಕೊಂಡ ಗೇಣುದ್ದದ ಗೊಂಬೆ ಮಲಗಿತ್ತು.

“ಅಪ್ಪ ಹೋಗಿ ಇನ್ನೂ ವರ್ಷ ತುಂಬಿಲ್ಲ. ನಿನ್ನ ಸಿನಿಮಾಕ್ಕೆ ಅಪ್ಪಾನೇ ಬೇಕಿತ್ತೇನೋ ಬಾಲು?”

“ಅದು ಅಪ್ಪ ಅಲ್ಲ ರಾಧಕ್ಕ. ಹಳೇ ಕೌಬಾಯ್ ಪಿಕ್ಚರ್‌ಗಳನ್ನ ಗೇಲಿ ಮಾಡೋ ಗೊಂಬೆ ಸಿನಿಮಾ, ಅಷ್ಟೇ.”

“ಎಡಗಾಲು ಎಳ್ಕೊಂಡು ನಡೀತಾನೆ, ನಿಂತಾಗೆಲ್ಲ ಮಂಡಿ ಒತ್ಕೋತಾನೆ. ಯಾರಿಗ್ ಹೇಳ್ತೀಯ?”

“ಕಾಮಿಡಿ ಕಣಕ್ಕ. ಗುಂಡು ಹಾರಿಸೋಕೆ ಅವನು ಹತ್ತು ಹೆಜ್ಜೆ ನಡೆಯೋಷ್ಟ್ರಲ್ಲಿ ಎದುರಿನವನು ನಿದ್ದೆ ಹೋಗ್ತಾನೆ.”

“ಇವತ್ತು ಹಾಲ್ ಪೂರ್ತಿ ಬಿದ್ದು ಬಿದ್ದು ನಕ್ತು. ಖುಷಿ ಆಯ್ತಾ?”

“ಆ ಹತ್ತು ಹೆಜ್ಜೆಗೆ ಇಪ್ಪತ್ತು ದಿನ ಹಿಡೀತು. ಕಾಲು ಒಂಚೂರು ಸರಿಸೋದು, ಫೋಟೋ ತೆಗೆಯೋದು, ಮತ್ತೆ ಸರಿಸೋದು. ಅಪ್ಪನ ನಡಿಗೇನ ನನ್ನಷ್ಟು ಯಾರ್ ನೋಡಿದ್ದಾರೆ?”

“ಆರು ವರ್ಷ ಆ ಕಾಲಿಗೆ ಎಣ್ಣೆ ತಿಕ್ಕಿದೋಳು ನಾನು. ಆಗ ಒಂದಿನ ಆದ್ರೂ ನೋಡಿದ್ಯಾ?”

ಅವನು ಡಬ್ಬವನ್ನು ಹತ್ತಿರಕ್ಕೆಳೆದುಕೊಂಡ.

“ಅಷ್ಟು ಉರಿದಿದ್ರೆ ಎದ್ದು ಹೋಗ್ಬೇಕಿತ್ತು. ಕೊನೇವರ್ಗೂ ಯಾಕ್ ಕೂತಿದ್ದೆ?”

ಯಲಹಂಕ ಬಂತು. ಅಕ್ಕ ಎದ್ದು ನಿಂತಳು.

“ಎಲ್ಲರ ಜೊತೆ ನಾನೂ ನಕ್ಬಿಟ್ಟೆ ಕಣೋ. ಅಪ್ಪನ್ನ ನೋಡಿ ನಾನೂ ನಗೋ ಹಾಗೆ ಮಾಡ್ಬಿಟ್ಟೆ ನೀನು. ಮನೆ ಕಡೆ ತಲೆ ಹಾಕ್ಬೇಡ.”

ಅವಳು ಇಳಿದು ಬಿರಬಿರನೆ ನಡೆದಳು. ಅವನು ಗೊಂಬೆಯ ಟೋಪಿ ತೆಗೆದು ಜೇಬಿಗೆ ಹಾಕಿಕೊಂಡು, ಡಬ್ಬದೊಂದಿಗೆ ಇಳಿದು ಅವಳ ಹಿಂದೆ ಓಡಿದ.