ಹತ್ತಿರದ ಮನೆ ಮೊದಲು

ಆಸ್ಪತ್ರೆಯ ಲಿಫ್ಟಿಗೆ ಕಾಯುತ್ತಿದ್ದೆ. ಮುಂದೆ ನಿಂತಿದ್ದ ಇಬ್ಬರಲ್ಲಿ ಒಬ್ಬ ಡಯಾಲಿಸಿಸ್ ರೋಗಿಗಳನ್ನು ಮನೆಗಳಿಂದ ಕರೆತರುವ ವ್ಯಾನಿನ ಡ್ರೈವರ್, ಇನ್ನೊಬ್ಬಳು ಆ ವ್ಯಾನಿಗೆ ದಾರಿ ಹುಡುಕಿಕೊಡುವ ಪ್ರೋಗ್ರಾಂ ಬರೆದ ಹುಡುಗಿ ಎಂದು ಮಾತಿನಲ್ಲೇ ತಿಳಿಯಿತು.

“ಹತ್ತಿರದ ಮನೆ ಮೊದಲು ಅಂತ ನೀವೇ ಹೇಳಿದ್ರಿ, ಅಣ್ಣಾ. ಎಲ್ಲಾ ದಾರಿ ಹುಡುಕ್ತಾ ಕೂತ್ರೆ ಹೊತ್ತಾಗುತ್ತೆ ಅಂತ ಕಂಪ್ಯೂಟರಿಗೂ ಅದೇ ಸೂತ್ರ ಕಲಿಸ್ದೆ.”

“ಡಯಾಲಿಸಿಸ್‌ಗೆ ಬರೋ ವಯಸ್ಸಾದ ಟೀಚರಮ್ಮ ಇದ್ದಾರಲ್ಲ, ಅವರ ಮನೆ ದೂರ ಇದ್ರೂ ನಾನು ಮೊದಲು ಅಲ್ಲಿಗೇ ಹೋಗ್ತಿದ್ದೆ. ಕೈ ಹಿಡಿದು ಮೆಟ್ಟಿಲು ಇಳಿಸೋಕೆ ಅರ್ಧ ಗಂಟೆ ಬೇಕು.”

“ಅದನ್ನ ಯಾಕೆ ಹೇಳ್ಲಿಲ್ಲ?”

“ನಿಮ್ಮ ಕಂಪ್ಯೂಟರ್ ಒಂದ್ಸಲ ಎಡವಲಿ ಅಂತ ಕಾಯ್ತಿದ್ದೆ. ಇವತ್ತು ಪಟ್ಟಿಯಲ್ಲಿ ಅವರು ಕೊನೆಗೆ ಬಂದ್ರು. ವ್ಯಾನ್ ತುಂಬ ಜನ, ಬಿಟ್ಟು ಮೇಲೆ ಹೋಗೋಕಾಗ್ಲಿಲ್ಲ. ಕೆಳಗಿಂದಲೇ ಹಾರ್ನ್ ಹೊಡೆದೆ. ಅವಸರದಲ್ಲಿ ಒಬ್ರೇ ಇಳಿಯೋಕೆ ಹೋಗಿ ಬಿದ್ರು. ಈಗ ಇಲ್ಲೇ ಮೇಲಿನ ವಾರ್ಡಲ್ಲಿದ್ದಾರೆ.”

“ಬಿದ್ದಾಗ ಏನಂದ್ರು?”

“ಕಾಯಿಸಿದ್ದಕ್ಕೆ ಬೇಜಾರು ಮಾಡ್ಕೋಬೇಡಪ್ಪ ಅಂದ್ರು.”

ಲಿಫ್ಟಿನ ಬಾಗಿಲು ತೆರೆಯಿತು. ಡ್ರೈವರ್ ಕದಲಲಿಲ್ಲ. ಹುಡುಗಿ ಅವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.